ಚಿರತೆ, ಹಾವು, ನರಿಗಳ ನಡುವೆ ಮುಂಬಯಿ ಸಂಸಾರ: ಪದೇ ಪದೇ ಕೇಳುವ ಪ್ರಶ್ನೆಗಳು

ಬೋರಿವಲಿ, ಮುಲುಂಡ್, ಗೋರೆಗಾಂವ್, ಪವಾಯಿ, ಠಾಣೆಯ ಘೋಡ್‌ಬಂದರ್ ರಸ್ತೆ, ಖಾಡಿಯಾಚೆಯ (ಕಡಲ ಹಿನ್ನೀರಿನಾಚೆಯ) ನವಿ ಮುಂಬಯಿ. ಇಲ್ಲೆಲ್ಲ ಮನೆ ಮಾಡಿರುವ ನಮ್ಮ ಕನ್ನಡದವರು ಸಂಘದ ಕಾರ್ಯಕ್ರಮದ ಊಟದ ಸಾಲಿನಲ್ಲಿ ನಿಂತಾಗಲೂ ಮಾತು ತಿರುಗುವುದು ಇದಕ್ಕೇ: ನಿಮ್ಮ ಕಡೆ ಚಿರತೆ ಬಂತಂತೆ ಹೌದಾ? ಹೆಚ್ಚಾಗಿ ಕೇಳುವ ಪ್ರಶ್ನೆಗಳಿಗೆ ತಿಳಿದಷ್ಟು ಉತ್ತರ ಇಲ್ಲಿದೆ. ಚಿರತೆಯ ಪಾಲು ಜಾಸ್ತಿಯಾಯಿತು ಅಂತ ಯಾರಾದರೂ ಅಂದರೆ ಒಪ್ಪಿಕೊಳ್ಳುತ್ತೇನೆ. ಪ್ರಶ್ನೆಗಳೂ ಹಾಗೇ ಬರುತ್ತವೆ.

ಮುಂಬಯಿಯಂಥ ಊರಲ್ಲಿ ಚಿರತೆ ಇರೋದು ನಿಜವಾ, ಇಲ್ಲ ಟಿವಿಯವರ ಗದ್ದಲವಾ?

ನಿಜ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರ್ ಇದೆ. ಪಶ್ಚಿಮಕ್ಕೆ ಬೋರಿವಲಿ, ಪೂರ್ವಕ್ಕೆ ಮುಲುಂಡ್, ಭಾಂಡೂಪ್, ಉತ್ತರಕ್ಕೆ ಠಾಣೆ. ಮೂರು ಕಡೆಯಿಂದಲೂ ಊರು ಒತ್ತಿಕೊಂಡು ಬಂದಿದೆ. ಊರಿಗೆ ನೀರು ಕೊಡುವ ತುಳಸಿ, ವಿಹಾರ ಕೆರೆಗಳೂ ಇದರೊಳಗೇ ಇವೆ. ದಕ್ಷಿಣಕ್ಕೆ ಅಂಟಿಕೊಂಡೇ ಆರೇ ಕಾಲನಿ.

ಲೆಕ್ಕ ಹಾಕುವುದು ಕ್ಯಾಮೆರಾ ಟ್ರ್ಯಾಪ್ ಇಟ್ಟು, ಅಂದರೆ ಪ್ರಾಣಿ ಹಾದಾಗ ತಾನಾಗಿ ಫೋಟೊ ತೆಗೆಯುವ ಕ್ಯಾಮೆರಾ. ಮನುಷ್ಯರ ಬೆರಳಚ್ಚು ಹೇಗೋ, ಚಿರತೆಯ ಮೈಮೇಲಿನ ಚುಕ್ಕೆಗಳ ವಿನ್ಯಾಸವೂ ಹಾಗೇ, ಒಂದರದ್ದು ಇನ್ನೊಂದಕ್ಕಿಲ್ಲ. ಉದ್ಯಾನ ಮತ್ತು ಅದರ ಸುತ್ತಮುತ್ತ 2015ರ ಗಣತಿಯಲ್ಲಿ 35 ಚಿರತೆ, 2018ರಲ್ಲಿ 47 ಸಿಕ್ಕವು. ಜಗತ್ತಿನಲ್ಲೇ ಚಿರತೆ ಇಷ್ಟು ದಟ್ಟವಾಗಿರುವ ಜಾಗಗಳು ಕಡಿಮೆ. ಅದೂ ಕೋಟಿಗೂ ಮೀರಿದ ಜನರ ಮಗ್ಗುಲಲ್ಲಿ.

ಕಾಡಲ್ಲಿ ತಿನ್ನೋಕೆ ಇಲ್ಲದೆ ಊರಿಗೆ ಬರ್ತವಾ? ದಾರಿ ತಪ್ಪಿ ಬರ್ತವಾ?

ಎರಡೂ ಅಲ್ಲ. ಕಾಡಲ್ಲಿ ಚುಕ್ಕೆ ಜಿಂಕೆ, ಸಾಂಬಾರ್, ಕಾಡುಹಂದಿ ಇವೆ, ಚಿರತೆ ಅವನ್ನು ಹಿಡಿಯುತ್ತದೆ. ಆದರೆ ಜಿಂಕೆಯ ಹಿಂದೆ ಓಡುವುದಕ್ಕಿಂತ ಕಸದ ರಾಶಿಯ ಮೇಲೆ ಮಲಗಿದ ಬೀದಿನಾಯಿಯನ್ನು ಎತ್ತುವುದು ಸಲೀಸು. ಮುಂಬಯಿಯ ಚಿರತೆಗಳು ವರ್ಷಕ್ಕೆ ಸುಮಾರು 1500 ನಾಯಿ ತಿನ್ನುತ್ತವೆ ಎಂದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅಂದಾಜು ಮಾಡಿತ್ತು. ಅದರಿಂದ ಊರವರಿಗೆ ನಾಯಿ ಕಚ್ಚುವುದೂ ಅಷ್ಟು ಕಮ್ಮಿಯಾಗುತ್ತದೆ ಎಂಬುದು ಅದರ ವಾದ. ನಾಯಿಪ್ರಿಯರಿಗೆ ಹಿಡಿಸದ ಮಾತು, ಗೊತ್ತು.

ನಮ್ಮ ಕಡೆಯ ಒಂದು ಸೊಸೈಟಿಯ ಸಿಸಿಟಿವಿ ನೋಡಿದ್ದೇನೆ. ನಡುರಾತ್ರಿ ಕಳೆದ ಹೊತ್ತು. ಕಾಂಪೌಂಡ್ ಗೋಡೆಯ ಮೇಲೆ ಒಂದು ಚಿರತೆ ಕೂತಿದೆ, ಬಾಲ ಮಾತ್ರ ಆಡುತ್ತಿದೆ. ಕೆಳಗೆ ಕಚರಾ ಡಬ್ಬದ ಬಳಿ ನಾಯಿಗಳು. ವಾಚ್‌ಮನ್ ಕ್ಯಾಬಿನ್‌ನಲ್ಲಿ ಮೊಬೈಲ್ ನೋಡುತ್ತಿದ್ದಾನೆ, ಬೆಳಕು ಅವನ ಮುಖಕ್ಕೆ ಬೀಳುತ್ತಿದೆ. ಚಿರತೆ ಇಳಿದದ್ದೂ ಕಾಣುತ್ತದೆ, ನಾಯಿಯ ಕತ್ತು ಹಿಡಿದು ಮತ್ತೆ ಗೋಡೆ ಏರಿದ್ದೂ ಕಾಣುತ್ತದೆ. ನಡುವೆ ನಡೆದದ್ದು ಕಣ್ಣಿಗೆ ಸಿಗುವುದಿಲ್ಲ, ಅಷ್ಟು ಬೇಗ. ವಾಚ್‌ಮನ್ ತಲೆ ಎತ್ತಿದಾಗ ಉಳಿದ ನಾಯಿಗಳು ಬೊಗಳುತ್ತಿದ್ದವು, ಅವನು ಅವಕ್ಕೇ ಬೈದು ಮತ್ತೆ ಕೂತ. ಬೆಳಗ್ಗೆ ಕಮಿಟಿಯವರು ಟೇಪ್ ಹಾಕಿ ನೋಡುವ ತನಕ ಯಾರಿಗೂ ಏನೂ ಗೊತ್ತಿರಲಿಲ್ಲ. ಇಂಥ ರಾತ್ರಿಗಳೇ ಜಾಸ್ತಿ. ಸುದ್ದಿಯಾಗುವುದು ಯಾವುದೋ ಒಂದು.

ಹಿಡಿದು ದೂರದ ಕಾಡಿಗೆ ಬಿಟ್ಟರೆ ಮುಗೀತಲ್ಲ? ಅರಣ್ಯ ಇಲಾಖೆಯವರು ಯಾಕೆ ಬೋನು ಇಡಲ್ಲ?

ಪ್ರತಿ ಸೊಸೈಟಿ ಮೀಟಿಂಗಿನಲ್ಲೂ ಏಳುವ ಪ್ರಶ್ನೆ ಇದು. ನನ್ನ ಮರುಪ್ರಶ್ನೆ ಒಂದೇ: ಯಾವ ಕಾಡಿಗೆ? ಖಾಲಿ ಬಿದ್ದಿರುವ, ಚಿರತೆಗಾಗಿ ಕಾದಿರುವ ಕಾಡು ಎಲ್ಲಿದೆ? ಹೋದಲ್ಲಿ ಆಗಲೇ ಬೇರೆ ಚಿರತೆಗಳಿರುತ್ತವೆ, ಪಕ್ಕದಲ್ಲಿ ಹಳ್ಳಿಗಳಿರುತ್ತವೆ.

ಇದನ್ನು ಮಾಡಿ ನೋಡಿಯೂ ಆಗಿದೆ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಕಬ್ಬಿನ ಗದ್ದೆಗಳಲ್ಲೇ ಚಿರತೆ ಮರಿ ಹಾಕುತ್ತದೆ. ಅಲ್ಲಿ 2001ರಿಂದ ದೊಡ್ಡ ಪ್ರಮಾಣದಲ್ಲಿ ಚಿರತೆ ಹಿಡಿದು ಬೇರೆ ಕಾಡುಗಳಿಗೆ ಸಾಗಿಸಿದರು. ಅದಕ್ಕೆ ಮುಂಚೆ ಆ ಭಾಗದಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ 4 ದಾಳಿ ಆಗುತ್ತಿತ್ತು. ಸಾಗಿಸಲು ಶುರುಮಾಡಿದ ಮೇಲೆ ಅದು 17ಕ್ಕೆ ಏರಿತು, ಸಾಯುವವರ ಪ್ರಮಾಣವೂ ಹೆಚ್ಚಿತು. ವನ್ಯಜೀವಿ ವಿಜ್ಞಾನಿ ವಿದ್ಯಾ ಅತ್ರೇಯ ಮತ್ತು ಜೊತೆಗಾರರು ಇದನ್ನು ಲೆಕ್ಕಸಮೇತ ಬರೆದಿದ್ದಾರೆ. ಕಾರಣ ಊಹಿಸಲು ಕಷ್ಟವಿಲ್ಲ. ತನ್ನ ಜಾಗದಲ್ಲಿ ಚಿರತೆಗೆ ಯಾವ ಓಣಿಯಲ್ಲಿ ನಾಯಿ, ಎಷ್ಟು ಹೊತ್ತಿಗೆ ಜನ, ಎಲ್ಲಿ ಅಡಗಬೇಕು, ಎಲ್ಲ ಗೊತ್ತಿರುತ್ತದೆ. ಬೋನಿನಲ್ಲಿ ಗಾಯಗೊಂಡು, ಹೆದರಿ, ಗುರುತಿಲ್ಲದ ಜಾಗದಲ್ಲಿ ಇಳಿದ ಪ್ರಾಣಿಗೆ ಅದ್ಯಾವುದೂ ಗೊತ್ತಿರುವುದಿಲ್ಲ. ಇತ್ತ ಅದು ಬಿಟ್ಟುಹೋದ ಜಾಗಕ್ಕೆ ಎಳೆಯ ಚಿರತೆಯೊಂದು ಬಂದು ಕೂರುತ್ತದೆ.

ಮುಂಬಯಿಯ ಕೆಟ್ಟ ವರ್ಷ 2004. ಆ ಜೂನ್ ತಿಂಗಳೊಂದರಲ್ಲೇ ಹತ್ತರ ಆಸುಪಾಸು ಜನ ಸತ್ತರು. ಬೇರೆಡೆ ಹಿಡಿದ ಚಿರತೆಗಳನ್ನು ತಂದು ಇದೇ ಉದ್ಯಾನದಲ್ಲಿ ಬಿಡುತ್ತಿದ್ದ ಕಾಲ ಅದು.

ಇನ್ನು ದೂರ ಬಿಟ್ಟದ್ದು ದೂರವೇ ಉಳಿಯುತ್ತದೆ ಅನ್ನುವ ಭರವಸೆಯೂ ಬೇಡ. 2009ರಲ್ಲಿ ಅಹಮದ್‌ನಗರ ಕಡೆ ಬಾವಿಗೆ ಬಿದ್ದ ಒಂದು ವಯಸ್ಸಾದ ಗಂಡು ಚಿರತೆಯನ್ನು ಎತ್ತಿ, ಕತ್ತಿಗೆ ಜಾಡು ತಿಳಿಸುವ ಕಾಲರ್ ಕಟ್ಟಿ ಮಾಳ್ಶೇಜ್ ಘಾಟಿನಲ್ಲಿ ಬಿಟ್ಟರು. ಅಜೋಬಾ ಅಂತ ಹೆಸರಿಟ್ಟಿದ್ದರು, ಅಂದರೆ ಅಜ್ಜಯ್ಯ. ಅಜ್ಜಯ್ಯ ಹೊರಟದ್ದು ಮುಂಬಯಿಗೆ! ಸುಮಾರು 120 ಕಿಲೋಮೀಟರ್, ಹೆದ್ದಾರಿ ದಾಟಿ, ರೈಲು ಹಳಿ ದಾಟಿ, ಊರುಗಳ ಅಂಚಲ್ಲೇ ನಡೆದು ಬೋರಿವಲಿಯ ಕಾಡು ಸೇರಿತು. ದಾರಿಯುದ್ದಕ್ಕೂ ಒಬ್ಬರಿಗೂ ಏನೂ ಮಾಡಲಿಲ್ಲ. 2011ರ ಕೊನೆಯಲ್ಲಿ ಹೆದ್ದಾರಿಯಲ್ಲಿ ವಾಹನ ಬಡಿದು ಸತ್ತಿತು.

ಮನುಷ್ಯರ ಮೇಲೆ ಮತ್ತೆ ಮತ್ತೆ ಎರಗುವ ಪ್ರಾಣಿ ಇದೆ ಎಂದು ಖಾತ್ರಿಯಾದರೆ ಇಲಾಖೆ ಹಿಡಿದೇ ಹಿಡಿಯುತ್ತದೆ, ಹಿಡಿಯಲೂಬೇಕು. ಬರೀ ಕಣ್ಣಿಗೆ ಬಿತ್ತು ಅಂತ ಬೋನು ಕೇಳುವುದು ಮಾತ್ರ ನಮ್ಮ ಕಾಲ ಮೇಲೆ ನಾವೇ ಕಲ್ಲು ಹಾಕಿಕೊಂಡಂತೆ.

ಹಾಗಾದರೆ ಅಪಾಯವೇ ಇಲ್ಲ ಅಂತೀರಾ?

ಇಲ್ಲ ಅನ್ನುವುದಿಲ್ಲ. 2021ರ ಮಳೆಗಾಲದ ಕೊನೆಗೆ ಆರೇಯಲ್ಲಿ ಒಂದರ ಮೇಲೊಂದು ದಾಳಿಯಾಯಿತು. ಊರುಗೋಲಲ್ಲೇ ಚಿರತೆಯನ್ನು ಹೊಡೆದು ಓಡಿಸಿದ ಹಿರಿಯ ಹೆಂಗಸಿನ ಸಿಸಿಟಿವಿ ದೃಶ್ಯ ಎಲ್ಲರ ಮೊಬೈಲಿಗೂ ಬಂದಿತ್ತು. 2022ರ ದೀಪಾವಳಿಯ ನಸುಕಿನಲ್ಲಿ, ದೀಪ ಹಚ್ಚಲು ಹೊರಟ ತಾಯಿಯ ಹಿಂದೆ ಹೆಜ್ಜೆ ಹಾಕಿದ ಒಂದೂವರೆ ವರ್ಷದ ಮಗು ಆರೇಯಲ್ಲೇ ಬಲಿಯಾಯಿತು. ಆ ತಾಯಿಯ ಮುಂದೆ ಸಹಬಾಳ್ವೆಯ ಭಾಷಣ ಮಾಡುವ ಧೈರ್ಯ ನನಗಿಲ್ಲ.

ಅಪಾಯ ಎಲ್ಲರಿಗೂ ಒಂದೇ ಸಮ ಇಲ್ಲ ಎನ್ನುವುದನ್ನು ಮಾತ್ರ ಹೇಳಬೇಕು. ಇಪ್ಪತ್ತನೇ ಮಹಡಿಯ ಬಾಲ್ಕನಿಯಲ್ಲಿ ನಿಂತವರಿಗೆ ಚಿರತೆ ಎಂದರೆ ವಿಡಿಯೋ. ಪಾಡಾಗಳಲ್ಲಿ (ಆದಿವಾಸಿ ಹಾಡಿಗಳಲ್ಲಿ), ಬೀದಿದೀಪವಿಲ್ಲದ ಝೋಪಡಿಗಳಲ್ಲಿ ಇರುವವರಿಗೆ ಅದು ರಾತ್ರಿ ಶೌಚಕ್ಕೆ ಹೋಗುವಾಗಿನ ಭಯ. ಕುಕ್ಕರಗಾಲಲ್ಲಿ ಕೂತ ಮನುಷ್ಯ ಕತ್ತಲಲ್ಲಿ ಚಿರತೆಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾನೆ, ಮಕ್ಕಳಂತೂ ಅಷ್ಟೇ ಎತ್ತರ. ಮನೆಯೊಳಗೇ ಶೌಚಾಲಯ, ದಾರಿಗೆ ದೀಪ, ಹೊತ್ತಿಗೆ ಸರಿಯಾಗಿ ಕಚರಾ ಎತ್ತುವ ಗಾಡಿ, ಈ ಮೂರು ಬಂದರೆ ನೂರು ಬೋನಿಗಿಂತ ಹೆಚ್ಚು ಕೆಲಸವಾಗುತ್ತದೆ.

ವನ್ಯಜೀವಿ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಮಹಾರಾಷ್ಟ್ರ ಸರ್ಕಾರ ಕೊಡುವ ಪರಿಹಾರವನ್ನು 2023ರಲ್ಲಿ 25 ಲಕ್ಷ ರೂಪಾಯಿಗೆ ಏರಿಸಿದೆ. ಗಾಯಾಳುಗಳಿಗೂ ಉಂಟು. ಆಸ್ಪತ್ರೆಯ ಕಾಗದ ಜೋಪಾನವಾಗಿಟ್ಟು ಅರಣ್ಯ ಇಲಾಖೆಗೆ ಬೇಗ ತಿಳಿಸಿ.

ಪಾಡಾದ ಆದಿವಾಸಿಗಳು ತಲೆಮಾರುಗಳಿಂದ ಹೇಗಿದ್ದಾರೆ?

ವಾರ್ಲಿಗಳು ವಾಘೋಬಾನನ್ನು ಪೂಜಿಸುತ್ತಾರೆ. ಕಲ್ಲಿನ ಮೇಲೆ ಹುಲಿಯ ರೂಪ, ಮೇಲೆ ಸಿಂಧೂರ. ತುಳುನಾಡಿನ ಹುಲಿದೈವ ಪಿಲಿಚಾಮುಂಡಿಗೆ ಕೋಲ ಕೊಡುವ ಊರಿಂದ ಬಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದರೆ ಪೂಜೆಯೊಂದರಲ್ಲೇ ಬಾಳ್ವೆ ನಡೆಯುತ್ತಿಲ್ಲ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಬಿಡುವುದಿಲ್ಲ, ಕೋಳಿಗೂಡನ್ನು ಭದ್ರ ಮಾಡುತ್ತಾರೆ, ಪೊದೆಯ ಪಕ್ಕ ಮಾತಾಡುತ್ತಾ ನಡೆಯುತ್ತಾರೆ. ನಾವು ಕಲಿಯಬೇಕಾದದ್ದು ಈ ಭಾಗವನ್ನು.

ಹೋಟೆಲ್ ಕೆಲಸ ಮುಗಿಸಿ ಒಂದು ಗಂಟೆಗೆ ರೂಮಿಗೆ ನಡ್ಕೊಂಡು ಹೋಗ್ತೇನೆ. ಎದುರು ಸಿಕ್ಕಿದ್ರೆ?

ಮೊದಲು, ಸಿಗದಂತೆ ಮಾಡುವುದು. ಒಬ್ಬರೇ ಹೋಗುವ ಬದಲು ಜೊತೆಯವರಿಗಾಗಿ ಐದು ನಿಮಿಷ ಕಾಯಿರಿ. ಕಿವಿಗೆ ಇಯರ್‌ಫೋನ್ ಬೇಡ. ಹಾಡು ಬೇಕಿದ್ದರೆ ಮೊಬೈಲಿನಲ್ಲಿ ಗಟ್ಟಿಯಾಗಿ ಹಾಕಿ, ಯಕ್ಷಗಾನದ ಚೆಂಡೆಯಾದರೆ ಇನ್ನೂ ಒಳ್ಳೆಯದು. ಜನ ಬರುತ್ತಿದ್ದಾರೆಂದು ಮೊದಲೇ ಗೊತ್ತಾದರೆ ಚಿರತೆ ತಾನಾಗಿ ಬದಿಗೆ ಸರಿಯುತ್ತದೆ. ಟಾರ್ಚ್ ಇರಲಿ.

ಎದುರು ಬಂದೇ ಬಿಟ್ಟರೆ ನಿಲ್ಲಿ. ಓಡಬೇಡಿ, ಕೂರಬೇಡಿ, ಬಗ್ಗಿ ಕಲ್ಲು ಎತ್ತಬೇಡಿ. ಮುಖ ಅದರ ಕಡೆಗೇ ಇಟ್ಟು ಮೆಲ್ಲಗೆ ಹಿಂದೆ ಸರಿದು ಅದಕ್ಕೆ ಹೋಗಲು ದಾರಿ ಬಿಡಿ. ಮುಂದೆ ಬರುವಂತೆ ಕಂಡರೆ ಕೈ ಮೇಲೆತ್ತಿ ಜೋರಾಗಿ ಕೂಗಿ. ಸೆಲ್ಫಿ ಬೇಡ. ಇದನ್ನೂ ಬರೆಯಬೇಕಾಗಿ ಬಂದದ್ದಕ್ಕೆ ಬೇಸರವಿದೆ, ಆದರೆ ಬರೆಯಲೇಬೇಕು.

ಬಿಲ್ಡಿಂಗ್ ಒಳಗೇ ಬಂದು ಸೇರಿಕೊಂಡರೆ?

ಅದಿರುವ ಕೋಣೆಯ ಬಾಗಿಲು ಹೊರಗಿನಿಂದ ಹಾಕಿ, 1926ಕ್ಕೆ ಫೋನ್ ಮಾಡಿ. ಅದು ಮಹಾರಾಷ್ಟ್ರ ಅರಣ್ಯ ಇಲಾಖೆಯ ಉಚಿತ ಸಹಾಯವಾಣಿ. ಸಿಗದಿದ್ದರೆ ಪೊಲೀಸರಿಗೆ 112. ಆಮೇಲೆ ನಿಮ್ಮ ಕೆಲಸ ಒಂದೇ, ಜನ ಸೇರದಂತೆ ನೋಡಿಕೊಳ್ಳುವುದು.

ಚಿರತೆಗಿಂತ ಗುಂಪೇ ದೊಡ್ಡ ತೊಂದರೆ. 2019ರ ಫೆಬ್ರವರಿಯಲ್ಲಿ ಠಾಣೆಯ ಒಂದು ಮಾಲ್‌ನ ಕ್ಯಾಮೆರಾದಲ್ಲಿ ಚಿರತೆ ಕಾಣಿಸಿಕೊಂಡು, ಹತ್ತಿರದ ಹೋಟೆಲಿನ ನೆಲಮಾಳಿಗೆಯಲ್ಲಿ ಅದನ್ನು ಹಿಡಿದರು. ಅರಿವಳಿಕೆ ಮದ್ದು ತಾಗಿದ ಕೂಡಲೇ ಪ್ರಾಣಿ ಬೀಳುವುದಿಲ್ಲ, ಹಲವು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಸುತ್ತಲೂ ಶಿಳ್ಳೆ, ಕೂಗು, ಮೊಬೈಲ್ ಬೆಳಕು ಇದ್ದರೆ ಅದು ಗಾಬರಿಬಿದ್ದು ಯಾವ ಕಡೆಗೂ ನುಗ್ಗಬಹುದು. ಸುಮ್ಮನೆ ಬಿಟ್ಟರೆ ಕತ್ತಲಾದ ಮೇಲೆ ಬಂದ ದಾರಿಯಲ್ಲೇ ಹೋಗಿಬಿಡುವುದೂ ಉಂಟು.

ನಮ್ಮ ಅಂಗಳದಲ್ಲಿ ಹೆಜ್ಜೆ ಗುರುತು ಇದೆ. ಚಿರತೆಯದ್ದೇನಾ?

ಉಗುರಿನ ಗುರುತು ಹುಡುಕಿ. ನಾಯಿಯ ಹೆಜ್ಜೆಯಲ್ಲಿ ಬೆರಳುಗಳ ಮುಂದೆ ಉಗುರು ಊರಿದ ಚುಕ್ಕೆ ಕಾಣುತ್ತದೆ. ಚಿರತೆ ನಡೆಯುವಾಗ ಉಗುರನ್ನು ಒಳಗೆ ಎಳೆದುಕೊಂಡಿರುತ್ತದೆ, ಗುರುತು ದುಂಡಗೆ, ನಯವಾಗಿರುತ್ತದೆ. ಹಳೇ ಚಾಳಿನ ಮಾಡಿನಲ್ಲಿ ರಾತ್ರಿ ದಡಬಡ ಅನ್ನುವುದು, ಪಪ್ಪಾಯಿ ಕಚ್ಚಿ ಹಾಕುವುದು ಹೆಚ್ಚಿನ ಸಲ ಪುನುಗು ಬೆಕ್ಕು. ಅದರ ಮರಿಯನ್ನು ಚಿರತೆ ಮರಿ ಎಂದುಕೊಂಡು ಇಡೀ ಓಣಿ ನಿದ್ದೆಗೆಡುತ್ತದೆ. ಇನ್ನು ವಾಟ್ಸಾಪ್‌ನಲ್ಲಿ ಓಡಾಡುವ ವಿಡಿಯೋಗಳಲ್ಲಿ ಗೋಡೆ, ಗೇಟು, ನಂಬರ್ ಪ್ಲೇಟ್ ನೋಡಿ. ಯಾವುದೋ ರಾಜ್ಯದ ಹಳೇ ವಿಡಿಯೋಗೆ ನಮ್ಮ ಏರಿಯಾದ ಹೆಸರು ಅಂಟಿಸಿರುತ್ತಾರೆ.

ಬೀದಿನಾಯಿಗೆ ಅನ್ನ ಹಾಕೋದೂ ತಪ್ಪಾ?

ಕಾಡಿನ ಅಂಚಲ್ಲಿದ್ದರೆ, ರಾತ್ರಿ ಹೊತ್ತು ಗೇಟಿನ ಮುಂದೆ ಹಾಕುವುದು ತಪ್ಪೇ. ನೀವು ನಾಯಿಯನ್ನು ಕರೆದಿರಿ, ನಾಯಿ ಚಿರತೆಯನ್ನು ಕರೆಯಿತು. ಹಗಲಲ್ಲಿ, ಗೊತ್ತಾದ ಜಾಗದಲ್ಲಿ ಹಾಕಿ, ಉಳಿದದ್ದು ತೆಗೆಯಿರಿ. ಸಂತಾನಹರಣ ಚಿಕಿತ್ಸೆ, ರೇಬೀಸ್ ಲಸಿಕೆ ಆಗುವಂತೆ ನೋಡಿಕೊಳ್ಳಿ. ಹೋಟೆಲ್ ಇಟ್ಟಿರುವವರಿಗೆ ಒಂದು ಮಾತು: ರಾತ್ರಿ ಶಟರ್ ಎಳೆಯುವಾಗ ಮಿಕ್ಕ ಅನ್ನ, ಕೋಳಿ ಎಲುಬು ಹಿತ್ತಲಿನ ಗಟಾರಕ್ಕೆ ಸುರಿಯುವ ಅಭ್ಯಾಸ ಬಿಡಿ. ಮುಚ್ಚಳವಿರುವ ಡ್ರಮ್ಮಿನ ಖರ್ಚು ನಿಮಗೆ ಭಾರವಾಗುವಂಥದ್ದಲ್ಲ.

ಮಳೆಗಾಲ ಬಂತೆಂದರೆ ಹಾವು. ಏನು ಮಾಡೋದು?

ಬಿಲ ತುಂಬಿದಾಗ ಹಾವು ಒಣ ಜಾಗ ಹುಡುಕುತ್ತದೆ. ಪಾರ್ಕಿಂಗ್, ಮೀಟರ್ ರೂಮ್, ಚಪ್ಪಲಿ ಸ್ಟ್ಯಾಂಡ್. ಕಾಣುವುದರಲ್ಲಿ ಬಹುಪಾಲು ಕೇರೆ, ನೀರುಹಾವು. ಎರಡಕ್ಕೂ ವಿಷವಿಲ್ಲ. ಕೇರೆ ಇದ್ದಲ್ಲಿ ಇಲಿ ಕಮ್ಮಿ, ಮುಂಬಯಿಯ ಇಲಿಗಳ ಗಾತ್ರ ಕಂಡವರು ಅದನ್ನು ಓಡಿಸುವ ಮುಂಚೆ ಯೋಚಿಸಬೇಕು.

ಹುಷಾರಾಗಿರಬೇಕಾದ್ದು ನಾಲ್ಕಕ್ಕೆ: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕರಾವಳಿಯವರು ನಾಗರಕ್ಕೆ ಕೈ ಮುಗಿದು ದಾರಿ ಬಿಡುತ್ತಾರೆ, ಉಳಿದದ್ದಕ್ಕೆ ದೊಣ್ಣೆ ಹುಡುಕುತ್ತಾರೆ. ದೊಣ್ಣೆ ಹಿಡಿದು ಹತ್ತಿರ ಹೋದವರಿಗೇ ಎಷ್ಟೋ ಸಲ ಕಚ್ಚುವುದು. ದೂರ ನಿಂತು ಅದರ ಮೇಲೆ ಕಣ್ಣಿಡಿ, 1926ಕ್ಕೆ ಹೇಳಿ, ಹಾವು ಹಿಡಿಯಲು ಇಲಾಖೆಯ ಅನುಮತಿ ಇರುವವರು ಬರಲಿ. ಹಾವನ್ನು ಕತ್ತಿಗೆ ಸುತ್ತಿಕೊಂಡು ಫೋಟೊಗೆ ನಿಲ್ಲುವ ಹುಡುಗರನ್ನು ಕರೆಯಬೇಡಿ.

ಕಟ್ಟುಹಾವಿನ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಅದು ರಾತ್ರಿ ಓಡಾಡುವ ಹಾವು, ನೆಲದ ಮೇಲೆ ಮಲಗಿದವರ ಹಾಸಿಗೆಗೆ ಬರುತ್ತದೆ. ಕಚ್ಚಿದರೆ ಸೊಳ್ಳೆ ಕಚ್ಚಿದಷ್ಟೂ ನೋವಿರದೆ ಹೋಗಬಹುದು, ಊತವೂ ಕಾಣದಿರಬಹುದು. ನಸುಕಿನಲ್ಲಿ ಎದ್ದಾಗ ಹೊಟ್ಟೆನೋವು, ರೆಪ್ಪೆ ಎತ್ತಲಾಗದೆ ಕಣ್ಣು ಮುಚ್ಚಿಕೊಳ್ಳುವುದು, ಮಾತು ತೊದಲುವುದು. ಗ್ಯಾಸ್ ಅಂತ ಸೋಡಾ ಕುಡಿಸಿ ಹೊತ್ತು ಕಳೆಯಬೇಡಿ. ಸೈಟಿನಲ್ಲಿ, ಗೋದಾಮಿನಲ್ಲಿ, ಹೋಟೆಲ್ ರೂಮುಗಳಲ್ಲಿ ನೆಲಕ್ಕೆ ಚಾಪೆ ಹಾಕುವ ಹುಡುಗರಿಗೆ ಮಂಚ ಕೊಡಿಸಿ. ಅದಾಗದಿದ್ದರೆ ಸೊಳ್ಳೆಪರದೆಯನ್ನಾದರೂ ಹಾಸಿಗೆಯ ಅಡಿಗೆ ಬಿಗಿಯಾಗಿ ಸಿಗಿಸಿ ಮಲಗಲು ಹೇಳಿ.

ಯಾವ ಹಾವು ಕಚ್ಚಿದರೂ ಗಾಯ ಕುಯ್ಯಬೇಡಿ, ಬಾಯಲ್ಲಿ ಹೀರಬೇಡಿ, ಹಗ್ಗ ಬಿಗಿಯಬೇಡಿ. ಉಂಗುರ, ಬಳೆ, ವಾಚು ಬಿಚ್ಚಿ, ಕಚ್ಚಿದ ಕೈಕಾಲು ಅಲುಗಿಸದೆ ನೇರ ದೊಡ್ಡ ಸರ್ಕಾರಿ ಅಥವಾ ಪಾಲಿಕೆ ಆಸ್ಪತ್ರೆಗೆ ಒಯ್ಯಿರಿ. ನಮ್ಮಲ್ಲಿ ಸಿಗುವ ಪ್ರತಿವಿಷ ಈ ನಾಲ್ಕೂ ಹಾವಿನ ವಿಷಕ್ಕೆ ಒಂದೇ ಮದ್ದು. ಪರೇಲ್ ಮೂಲದ ಹಾಫ್‌ಕಿನ್ ಸಂಸ್ಥೆಯೂ ಅದನ್ನು ತಯಾರಿಸುತ್ತಾ ಬಂದಿದೆ. ಹಾವನ್ನು ಕೊಂದು ಚೀಲದಲ್ಲಿ ತರುವ ಅಗತ್ಯವಿಲ್ಲ.

ನಾಗರ ಪಂಚಮಿಗೆ ಬುಟ್ಟಿ ಹಿಡಿದು ಬಂದವನಿಗೆ ಹಾಲು, ದುಡ್ಡು ಕೊಡಬಹುದಾ?

ಬೇಡ. ಹಾವಿಗೆ ಹಾಲು ಆಹಾರವಲ್ಲ. ಬಾಯಾರಿಸಿ ತಂದದ್ದಕ್ಕೆ ಸಿಕ್ಕಿದ್ದನ್ನು ಕುಡಿಯುತ್ತದೆ, ಹಲ್ಲನ್ನು ಮೊದಲೇ ಕಿತ್ತಿರುತ್ತಾರೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಹೀಗೆ ಹಾವು ಹಿಡಿದಿಟ್ಟುಕೊಳ್ಳುವುದು ಅಪರಾಧ. ಕಲ್ಲಿಗೆ ತನು ಹಾಕಿದರೆ ಸಾಕು.

ಮಂಗಗಳು ಅಡುಗೆಮನೆಗೇ ಬರುತ್ತವೆ. ಹನುಮಂತ ಅಂತ ಅತ್ತೆ ಶನಿವಾರ ಬಾಳೆಹಣ್ಣು ಕೊಡ್ತಾರೆ.

ಅತ್ತೆಯವರಿಗೆ ಬಾಳೆಹಣ್ಣನ್ನು ದೇವಸ್ಥಾನದಲ್ಲಿ ಕೊಡಲು ಹೇಳಿ. ಕೈಯಿಂದ ತಿಂದ ಮಂಗ ಮುಂದಿನ ವಾರ ಕೈಯಲ್ಲಿರುವುದನ್ನು ಕಸಿಯುತ್ತದೆ, ಅದರ ಮುಂದಿನ ವಾರ ಫ್ರಿಜ್ ಬಾಗಿಲು ತೆಗೆಯುತ್ತದೆ. ಕಾನ್ಹೇರಿ ಗುಹೆಗಳ ಮೆಟ್ಟಿಲಲ್ಲಿ ಚಿಪ್ಸ್ ಪೊಟ್ಟಣ ಹಿಡಿದು ಹತ್ತಿದವರಿಗೆ ಇದು ಗೊತ್ತು. ಕಿಟಕಿಗೆ ಜಾಳಿಗೆ ಹಾಕಿಸಿ. ಎದುರು ಬಂದರೆ ಹಲ್ಲು ತೋರಿಸಿ ನಗಬೇಡಿ, ಅದಕ್ಕೆ ಅದು ಬೆದರಿಕೆ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆದು ರೇಬೀಸ್ ಲಸಿಕೆಗೆ ಹೋಗಿ.

ನವಿ ಮುಂಬಯಿಯಲ್ಲಿ ರಾತ್ರಿ ನರಿ ಊಳಿಡೋದು ಕೇಳಿಸುತ್ತೆ. ಕನಸಾ?

ಕನಸಲ್ಲ. ವಾಶಿ, ಐರೋಲಿ, ವಿಕ್ರೋಲಿ ಕಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡುಗಳಲ್ಲಿ ನರಿಗಳಿವೆ. ಏಡಿ, ಮೀನು, ಇಲಿ ತಿನ್ನುತ್ತವೆ, ಕಸದ ರಾಶಿಗೂ ಬರುತ್ತವೆ. ಮನುಷ್ಯರನ್ನು ಕಂಡರೆ ಓಡುವ ಜಾತಿ. ಹಾಗಾಗಿ ಹಗಲಲ್ಲೇ ತೂರಾಡುತ್ತಾ, ಹೆದರಿಕೆ ಇಲ್ಲದೆ ಹತ್ತಿರ ಬರುವ ನರಿ ಕಂಡರೆ ಅನುಮಾನಪಡಿ. 2024ರಲ್ಲಿ ಚೆಂಬೂರು, ಟ್ರಾಂಬೆ ಕಡೆ ಸಿಕ್ಕ ನರಿಗಳಲ್ಲಿ ರೇಬೀಸ್ ಪತ್ತೆಯಾಗಿತ್ತು. ಬೀದಿನಾಯಿಯಿಂದ ನರಿಗೆ ದಾಟುವ ರೋಗ ಅದು. ಮೇಲೆ ನಾಯಿಗೆ ಲಸಿಕೆ ಎಂದದ್ದು ಇದಕ್ಕೂ ಸೇರಿ.

ಪವಾಯಿ ಕೆರೆಯಲ್ಲಿ ಮೊಸಳೆ?

ಇದೆ. ನೀರಿಗಿಳಿಯಬೇಡಿ.

ಪಾರಿವಾಳಕ್ಕೆ ಕಾಳು ಹಾಕೋದು ಪುಣ್ಯ ಅಲ್ವಾ?

ಪಾರಿವಾಳದ ಒಣ ಹಿಕ್ಕೆಯ ಧೂಳು ಕೆಲವರ ಶ್ವಾಸಕೋಶವನ್ನು ಶಾಶ್ವತವಾಗಿ ಕೆಡಿಸುತ್ತದೆ. ಈ ಕಾರಣಕ್ಕೇ 2025ರಲ್ಲಿ ಪಾಲಿಕೆ ಕಬೂತರ್‌ಖಾನಾಗಳನ್ನು (ಪಾರಿವಾಳಕ್ಕೆ ಕಾಳು ಹಾಕುವ ಕಟ್ಟೆಗಳನ್ನು) ಮುಚ್ಚಲು ಹೊರಟು, ದಾದರ್‌ನದಕ್ಕೆ ಟಾರ್ಪಾಲು ಹೊದೆಸಿದಾಗ ದೊಡ್ಡ ಗಲಾಟೆಯೇ ಆಯಿತು. ನನ್ನ ಪಕ್ಷ ಟಾರ್ಪಾಲಿನದು. ಮನೆಯಲ್ಲಿ ದಮ್ಮಿನವರಿದ್ದರೆ ಬಾಲ್ಕನಿಗೆ ಬಲೆ ಹಾಕಿಸಲು ತಡಮಾಡಬೇಡಿ.

ರಜೆಗೆ ಊರಿಂದ ಮಕ್ಕಳು ಬರ್ತಾರೆ. ಫ್ಲೆಮಿಂಗೋ ತೋರಿಸೋದು ಎಲ್ಲಿ?

ಠಾಣೆ ಖಾಡಿಯಲ್ಲಿ. 2015ರಲ್ಲಿ ಅದು ಫ್ಲೆಮಿಂಗೋ ಅಭಯಾರಣ್ಯವಾಯಿತು, 2022ರಲ್ಲಿ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ರಾಮ್‌ಸರ್ ಪಟ್ಟಿಗೂ ಸೇರಿತು. ಹಕ್ಕಿಗಳು ಹೆಚ್ಚಾಗಿ ಗುಜರಾತಿನ ಕಚ್ಛ್ ಕಡೆಯಿಂದ ಬಂದು ಮಳೆ ಶುರುವಾಗುವ ತನಕ ಇರುತ್ತವೆ. ಅವು ತಿನ್ನುವ ಪಾಚಿ ಇಲ್ಲಿ ಇಷ್ಟು ಹುಲುಸಾಗಿ ಬೆಳೆಯಲು ನಾವು ಖಾಡಿಗೆ ಬಿಡುವ ಗಟಾರದ ನೀರೂ ಕಾರಣ. ಗುಲಾಬಿ ಬಣ್ಣವೂ ಆ ಪಾಚಿಯದೇ. ಹಾಗಂತ ಎಲ್ಲ ಸುಖವಾಗಿದೆ ಅನ್ನುವಂತಿಲ್ಲ. 2024ರ ಮೇ ತಿಂಗಳಲ್ಲಿ ಘಾಟ್ಕೋಪರ್ ಮೇಲೆ ಇಳಿಯುತ್ತಿದ್ದ ವಿಮಾನಕ್ಕೆ ಹಿಂಡು ಬಡಿದು ಮೂವತ್ತಕ್ಕೂ ಹೆಚ್ಚು ಹಕ್ಕಿ ಸತ್ತವು. ನವಿ ಮುಂಬಯಿಯಲ್ಲಿ ಅವು ತಂಗುವ ಕೆರೆಗಳಿಗೆ ಖಾಡಿಯ ನೀರು ಬರುವ ದಾರಿ ಮುಚ್ಚಿದ್ದಕ್ಕೂ ಜಗಳ ನಡೆದೇ ಇದೆ.

ಐರೋಲಿಯಲ್ಲಿ ಅರಣ್ಯ ಇಲಾಖೆಯ ಕರಾವಳಿ ಜೀವವೈವಿಧ್ಯ ಕೇಂದ್ರದಿಂದ ದೋಣಿ ಹೋಗುತ್ತದೆ. ದೋಣಿಯ ಹೊತ್ತು ಉಬ್ಬರ ಇಳಿತದ ಮೇಲೆ ದಿನಾ ಬದಲಾಗುತ್ತದೆ, ಮೊದಲೇ ವಿಚಾರಿಸಿ ಬುಕ್ ಮಾಡಿ. ದೋಣಿ ಸಿಗದಿದ್ದರೆ ಹಾರ್ಬರ್ ಲೈನಿನ ಶಿವಡಿ ಸ್ಟೇಷನ್ನಿನಲ್ಲಿ ಇಳಿದು ಜೆಟ್ಟಿಗೆ ಹೋಗಿ. ನೀರು ತುಂಬಾ ಇಳಿದಾಗ ಹಕ್ಕಿಗಳು ದೂರದ ಕೆಸರಿನಲ್ಲಿರುತ್ತವೆ, ಉಬ್ಬರ ಏರುತ್ತಾ ದಡದ ಕಡೆ ಬರುತ್ತವೆ. ಬೈನಾಕ್ಯುಲರ್, ಟೋಪಿ, ಕುಡಿಯುವ ನೀರು ಮರೆಯಬೇಡಿ. ಏಪ್ರಿಲ್ ಬಿಸಿಲಲ್ಲಿ ಜೆಟ್ಟಿಯ ಮೇಲೆ ನೆರಳಿಲ್ಲ.